ಚೆಲುವಯ್ಯನವರ ವ್ಯಾನ್ ತಳ್ಳಿದ್ದು

ಡಿಸೆಂಬರ್ ೯, ಮಂಗಳವಾರ

ತೋಳು ಎತ್ತಲಾಗುತ್ತಿಲ್ಲ. ತಲೆಗೂದಲಲ್ಲಿ ಇನ್ನೂ ಡೀಸೆಲ್ ವಾಸನೆ.

ಶಾಲೆ ಬಿಡುವ ಹೊತ್ತಿಗೆ ಗೇಟಿನ ಮುಂದೆ ವ್ಯಾನುಗಳೆಲ್ಲ ಇಂಜಿನ್ ಆಫ್ ಮಾಡದೆ ನಿಂತಿರುತ್ತವೆ. ಮಕ್ಕಳು ಆ ಹೊಗೆಯಲ್ಲೇ ಸಾಲಾಗಿ ಕಾಯಬೇಕು. ಇವತ್ತು ನನ್ನ ಮೂರನೇ ಕ್ಲಾಸಿನ ಗಗನ ಉಸಿರು ಸಿಗದೆ ನನ್ನ ಕೈ ಹಿಡಿದು ಕೂತುಬಿಟ್ಟಳು. ಅವಳ ಬ್ಯಾಗಿನಿಂದ ಇನ್‌ಹೇಲರ್ ತೆಗೆದು ಕೊಟ್ಟೆ. ಸ್ವಲ್ಪ ಸುಧಾರಿಸಿಕೊಂಡ ಮೇಲೆ ಅವಳ ವ್ಯಾನಿನ ಚೆಲುವಯ್ಯನವರ ಹತ್ತಿರ ಹೋದೆ.

"ದಿನಾ ಹೇಳ್ತೀನಿ. ಇವತ್ತಾದ್ರೂ ಆಫ್ ಮಾಡಿ."

"ಆಫ್ ಮಾಡುದ್ರೆ ಮತ್ತೆ ಸ್ಟಾರ್ಟ್ ಆಗಲ್ಲ ಮೇಡಂ. ಬ್ಯಾಟರಿ ಡೌನ್ ಆಗ್ಬುಟ್ಟದೆ."

ಸುಳ್ಳು ಹೇಳುತ್ತಿದ್ದಾರೆ ಅಂದುಕೊಂಡೆ. "ಮಗೂನ ನೋಡಿ," ಎಂದೆ. ಅವರು ಗಗನಳನ್ನು ನೋಡಿದರು. ಕೀಲಿ ತಿರುಗಿಸಿದರು. ಹಿಂದಿನ ವ್ಯಾನಿನ ಡ್ರೈವರೂ ಆಫ್ ಮಾಡಿದ. ಉಳಿದವರು ಫೋನಿನಿಂದ ತಲೆ ಎತ್ತಲಿಲ್ಲ.

ಮಕ್ಕಳು ಹತ್ತಿದ ಮೇಲೆ ವ್ಯಾನ್ ನಿಜವಾಗಿಯೂ ಸ್ಟಾರ್ಟ್ ಆಗಲಿಲ್ಲ. ನಾನು, ವಾಚ್‌ಮನ್ ಮಹದೇವು, ಮಕ್ಕಳನ್ನು ಕರೆದೊಯ್ಯಲು ಬಂದಿದ್ದ ಇಬ್ಬರು ತಾಯಂದಿರು ಸೇರಿ ತಿರುವಿನ ತನಕ ತಳ್ಳಿದೆವು. ಒಳಗೆ ಮಕ್ಕಳಿಗೆ ನಗುವೋ ನಗು. ಕೊನೆಗೆ ಇಂಜಿನ್ ಸ್ಟಾರ್ಟ್ ಆದಾಗ ಹೊಗೆಯೆಲ್ಲ ನಮ್ಮ ಮುಖಕ್ಕೇ ಬಂತು.

ಚೆಲುವಯ್ಯ ಕಿಟಕಿಯಿಂದ ಹಿಂದಕ್ಕೆ ನೋಡಿ, "ನಾಳೆನೂ ಆಫ್ ಮಾಡ್ತೀನಿ ಮೇಡಂ. ತಳ್ಳಕ್ಕೆ ನೀವಿರ್ಬೇಕು ಅಷ್ಟೇಯ," ಎಂದರು.

ಇರುತ್ತೇನೆ ಎಂದು ಒಪ್ಪಿಕೊಂಡು ಬಂದಿದ್ದೇನೆ. ಹೊಸ ಬ್ಯಾಟರಿ ಯಾವಾಗ ಹಾಕಿಸುತ್ತೀರಿ ಎಂದು ಕೇಳುವಷ್ಟೂ ಉಸಿರಿರಲಿಲ್ಲ. ನಾಳೆ ಉಳಿದ ಡ್ರೈವರುಗಳಿಗೂ ಹೇಳಬೇಕು. ಅವರ ಬ್ಯಾಟರಿಗಳೂ ಹೀಗೇ ಇದ್ದುಬಿಟ್ಟರೆ...