ನಾಲ್ಕನೆಯ ಉಸಿರು

ಕೆಳಗಿಳಿದು ಬಂದ ನೂರ ಹದಿನೇಳನೆಯ ವರ್ಷ, ಹದಿಮೂರನೆಯ ತಿಂಗಳ ನಲವತ್ತನೆಯ ದಿನ. ಹಳಬರ ಪ್ರಕಾರ ಕ್ರಿ.ಶ. ೨೪೧೨.

ಇನ್ನೂ ಹುಟ್ಟದ ನನ್ನ ಮೊಮ್ಮಗುವಿಗೆ ಅಜ್ಜಿ ಪಿಳ್ಳಮ್ಮ ಮಾಡುವ ಆಶೀರ್ವಾದಗಳು.

ಈ ಕಾಗದ ನಿನ್ನ ಕೈಸೇರುವ ಹೊತ್ತಿಗೆ ನನ್ನ ಮಾತುಗಳು ಹಳಸಿರಬಹುದು, ಕೆಲವು ಅರ್ಥವೇ ಆಗದಿರಬಹುದು, ಕ್ಷಮಿಸು. ನೀವು ಮತ್ತೆ ಬಿಸಿಲಿನಲ್ಲಿ ಬಾಳುತ್ತಿದ್ದರೆ, ನಾವು ಕೋಲಾರದ ಹಳೆಯ ಚಿನ್ನದ ಗಣಿಯೊಳಗೆ ಹೆಗ್ಗಣಗಳ ಹಾಗೆ ಬದುಕಿದ್ದು ನಿನಗೆ ನಗು ತರಿಸೀತು. ನಗು, ಪರವಾಗಿಲ್ಲ. ನಾವಿಲ್ಲಿ ದೀಪದಡಿ ರಾಗಿ ಬೆಳೆಯುತ್ತೇವೆ, ಒದ್ದೆ ಬಟ್ಟೆಯನ್ನು ಬಂಡೆಯ ಕಾವಿಗೆ ಒಣಹಾಕುತ್ತೇವೆ, ನೆರೆಮನೆಯವರೊಡನೆ ಮಾತು ಬಿಟ್ಟರೂ ಒಂದೇ ಕೊಳವೆಯ ಗಾಳಿ ಕುಡಿಯುತ್ತೇವೆ. ಬೆಳಿಗ್ಗೆ ಗಂಟೆ ಹೊಡೆದಾಗ ಪ್ರತಿ ಮನೆಯಿಂದ ಒಬ್ಬರು ಗೋಡೆಯ ಕೊಳವೆಗೆ ಬಾಯಿಟ್ಟು, ಮನೆಯಲ್ಲಿ ಎಷ್ಟು ಜನ ಎಂದು ಹೇಳಬೇಕು. ಇದಕ್ಕೆ ತಲೆಕೂಗು ಎನ್ನುತ್ತೇವೆ. ಎಷ್ಟು ತಲೆಯೋ ಆ ದಿನಕ್ಕೆ ಅಷ್ಟೇ ಗಾಳಿ. ನನ್ನ ಕೆಲಸ ಕೊಳವೆಗಳಿಗೆ ಕಿವಿಯಿಟ್ಟು ಗಾಳಿ ಸೋರುವ ಜಾಗ ಹುಡುಕುವುದಾಗಿತ್ತು. ಇವಳ ಕಿವಿ ಚುರುಕು, ಬಾಯಿ ಅದಕ್ಕಿಂತ ಚುರುಕು ಎಂದು ನಿನ್ನ ತಾತ ಆಂಜಿನಪ್ಪ ಈಗಲೂ ಛೇಡಿಸುತ್ತಾರೆ.

ನನಗೆ ಮಗು ಬೇಕಿರಲಿಲ್ಲ. ಆದರೆ ಊರಿನಲ್ಲಿ ಹೆರುವ ಸರದಿ ಎಂಬುದೊಂದಿದೆ. ಬಂದರೆ ಒಲ್ಲೆ ಎನ್ನುವಂತಿಲ್ಲ. ನಿನ್ನ ಅಮ್ಮ ಸೊಣ್ಣಿ ಹುಟ್ಟಿದ್ದು ಹಾಗೆ. ಅವಳು ಮೂರು ತಿಂಗಳ ಕೂಸಾಗಿದ್ದಾಗ ಒಂದು ಬೆಳಿಗ್ಗೆ ನಾನು ಕೊಳವೆಗೆ ‘ಇಬ್ಬರು’ ಎಂದೆ. ಮಧ್ಯಾಹ್ನದ ಹೊತ್ತಿಗೆ ಕೂಸಿನ ತುಟಿ ನೇರಳೆ ಬಣ್ಣಕ್ಕೆ ತಿರುಗಿತ್ತು. ಆಂಜಿನಪ್ಪ ಓಡಿಹೋಗಿ ಕೊಳವೆಯ ಕಾವಲಿನವರಿಗೆ ಹೇಳಿ ಗಾಳಿ ಬಿಡಿಸಿದರು. ಪಾಪ, ನಿದ್ದೆಗೆಟ್ಟ ಬಾಣಂತಿ, ಬಾಯಿ ತಪ್ಪಿರಬೇಕು ಎಂದರು ಎಲ್ಲರೂ. ನಾನೂ ಹಾಗೇ ಎಂದೆ. ಬಾಯಿ ತಪ್ಪಿರಲಿಲ್ಲ, ಕಂದ. ಇದನ್ನು ನಿನಗೆ ಮಾತ್ರ ಹೇಳುತ್ತಿದ್ದೇನೆ.

ಅಂದು ಸೊಣ್ಣಿ ಅಳಲಿಲ್ಲ, ನನ್ನನ್ನೇ ನೋಡುತ್ತಿದ್ದಳು. ಅಂದಿನಿಂದ ಅವಳು ನನ್ನ ಜೊತೆಗೇ ಉಸಿರಾಡುತ್ತಾಳೆ. ನಾನು ಎಳೆದುಕೊಂಡಾಗ ಎಳೆದುಕೊಳ್ಳುತ್ತಾಳೆ, ಬಿಟ್ಟಾಗ ಬಿಡುತ್ತಾಳೆ. ಕೊಳವೆ ಕೇಳಿ ಪಳಗಿದ ಕಿವಿ ನನ್ನದು, ಮೋಸಹೋಗುವುದಿಲ್ಲ. ಒಮ್ಮೆ ಪರೀಕ್ಷಿಸಲೆಂದೇ ಉಸಿರು ಬಿಗಿಹಿಡಿದೆ. ಅಡುಗೆಮನೆಯಲ್ಲಿ ನನಗೆ ಬೆನ್ನು ಹಾಕಿ ಕೂತಿದ್ದ ಅವಳೂ ನಿಲ್ಲಿಸಿದಳು. ನಾನು ತಲೆಸುತ್ತಿ ಸೋತ ಮೇಲೆಯೇ ಅವಳ ಉಸಿರು ಕೇಳಿಸಿತು. ಊಟವಾಗಿ ಒಂದು ನಿಮಿಷ ಅಡ್ಡಾಗಿ ಕಣ್ಣು ಬಿಟ್ಟರೆ ಅವಳ ಮುಖ ನನ್ನ ಮುಖದಿಂದ ಗೇಣು ದೂರದಲ್ಲಿರುತ್ತಿತ್ತು. ಹೆದರಿ ಗೋಡೆಯ ಕಡೆ ಹೊರಳುತ್ತಿದ್ದೆ. ಅದೇ ಹುಡುಗಿ ಪುಟ್ಟ ಕೈಯಲ್ಲಿ ನನ್ನ ಜಡೆ ಹೆಣೆಯುತ್ತಿದ್ದಳು, ತನ್ನ ಮುದ್ದೆಯ ಮೊದಲ ತುತ್ತನ್ನು ನನ್ನ ಬಾಯಿಗೇ ಇಡುತ್ತಿದ್ದಳು. ಹೆದರಿಕೆ ಹೋಗಿ ಅಕ್ಕರೆ ಬಂತು ಎಂದರೆ ಸುಳ್ಳಾದೀತು. ಹೆದರಿಕೆ ಇದ್ದ ಹಾಗೇ ಅಕ್ಕರೆ ಬಂತು. ಅವಳಿಗೆ ಐದು ವರ್ಷವಾಗಿದ್ದಾಗ ಯಾಕೆ ಹೀಗೆ ಮಾಡುತ್ತೀ ಎಂದು ಕೇಳಿಯೇಬಿಟ್ಟೆ.

“ಅವತ್ತು ನನ್ ಪಾಲು ನೀನು ಕೇಳ್ಲಿಲ್ವಲ್ಲಮ್ಮ. ಅದ್ಕೇ ನಿನ್ನದ್ರಲ್ಲೇ ಅರ್ಧ ತಗೊಂಡೆ,” ಎಂದಳು. ಆ ಮಾತನ್ನು ಅವಳೆದುರು ಯಾರೂ ಎಂದೂ ಎತ್ತಿರಲಿಲ್ಲ.

ಮಗುವಿಗೆ ಎಂಟು ತುಂಬಿದ ದಿನದಿಂದ ಮನೆಯ ತಲೆಕೂಗು ಮಗುವಿನದು. ಆ ದಿನ ಹತ್ತಿರವಾದಂತೆ ನನಗೆ ಊಟ ಸೇರಲಿಲ್ಲ. ಸೊಣ್ಣಿ ಇಬ್ಬರು ಎಂದರೆ ಬಿಟ್ಟುಹೋಗುವವಳು ಯಾರೆಂದು ಗೊತ್ತಿತ್ತು. ಅವಳು ಹಾಗೆ ಕೂಗಿದರೂ ತುಟಿ ಬಿಚ್ಚಬಾರದೆಂದು ನಿರ್ಧರಿಸಿದ್ದೆ. ಹೋದ ತಿಂಗಳು ಅವಳು ಹೊಸ ಲಂಗ ತೊಟ್ಟು, ಮಣೆಯ ಮೇಲೆ ನಿಂತು, ನನ್ನ ಕಡೆ ಒಮ್ಮೆ ನೋಡಿ, ಕೊಳವೆಗೆ ‘ನಾಲ್ವರು’ ಎಂದಳು.

ತಿದ್ದಲು ಎರಡನೆಯ ಗಂಟೆಯವರೆಗೆ ಸಮಯವಿತ್ತು. ನಾಲ್ಕನೆಯವರು ಯಾರು ಎಂದು ಕೇಳಿದೆ.

“ನಂಗೆ ಹುಟ್ಟೋ ಮಗು. ನಂಗೂ ನಿನ್ ಥರಾನೇ ಬೇಡ ಅನ್ಸಿದ್ರೆ? ಅದ್ಕೇ ಈಗ್ಲೇ ಸೇರಿಸ್ಬಿಟ್ಟೆ.”

ನಾನು ತಿದ್ದಲಿಲ್ಲ. ಅಂದಿನಿಂದ ದಿನವೂ ಅವಳು ನಿನ್ನನ್ನು ಎಣಿಸುತ್ತಾಳೆ. ನೆರೆಯವರ ಗಾಳಿ ಕಡಿಮೆಯಾಗಬಾರದೆಂದು ನಾನು ಮೇಲೆ ಬಿಸಿಲಿನಲ್ಲಿ, ಅಲ್ಲಿನ ಕೆಟ್ಟ ಗಾಳಿಗೆ ಮುಖವಾಡ ಹಾಕಿ ದುಡಿಯುವ ಕೆಲಸ ಹಿಡಿದೆ. ಅಲ್ಲಿ ದುಡಿಯುವವರ ಪಾಲನ್ನು ಊರು ಹಿಂದಕ್ಕೆ ಪಡೆಯುತ್ತದೆ. ಹಾಗಾಗಿ ನಿನ್ನದು ಕದ್ದ ಗಾಳಿಯಲ್ಲ, ನನ್ನದು. ಮೇಲಿನ ಕೆಲಸದಲ್ಲಿ ಯಾರೂ ಬಹಳ ವರ್ಷ ಬಾಳಿಲ್ಲ, ಅದಕ್ಕೇ ಈ ಕಾಗದ. ಸಂಜೆ ನಾನು ಗೊರಗೊರ ಎನ್ನುತ್ತಾ ಇಳಿದು ಬಂದರೆ, ಬಾಗಿಲಲ್ಲಿ ನಿಂತ ಸೊಣ್ಣಿಯೂ ಗೊರಗೊರ ಎನ್ನುತ್ತಾಳೆ.

ನಿನ್ನಲ್ಲಿ ಒಂದೇ ಕೋರಿಕೆ. ಕಣ್ಣು ಬಿಟ್ಟಾಗ ನಿನ್ನ ಅಮ್ಮನ ಮುಖ ಗೇಣು ದೂರದಲ್ಲಿ ಕಂಡರೆ ಹೆದರಬೇಡ. ನಿಧಾನವಾಗಿ ಉಸಿರಾಡು, ಅವಳಿಗೆ ಸಮಾಧಾನವಾಗುತ್ತದೆ. ಎಂದಾದರೂ ಅವಳು ಒಂದು ತಲೆ ಕಡಿಮೆ ಕೂಗಿದರೆ, ಎಂಟು ತುಂಬಲೆಂದು ಕಾಯಬೇಡ. ಮಣೆ ಹತ್ತಿ, ಕೊಳವೆಗೆ ಬಾಯಿಟ್ಟು, ನಾನೂ ಇದ್ದೇನೆ ಎನ್ನು.

ಇನ್ನು ನಿಲ್ಲಿಸುತ್ತೇನೆ. ಬರೆಯುವ ಭರದಲ್ಲಿ ನನಗೇ ಅರಿವಿಲ್ಲದೆ ಉಸಿರು ಹಿಡಿದಿದ್ದೇನೆ. ಹಿಂದೆ ನಿಂತ ಸೊಣ್ಣಿಯ ಉಸಿರಿನ ಸದ್ದೂ ಇಲ್ಲ. ಪಾಪ, ಮಗು ಕಾಯುತ್ತಿದೆ. ಬಿಡಬೇಕು.

ನಿನ್ನ ಅಜ್ಜಿ,
ಪಿಳ್ಳಮ್ಮ