ಲಾಯರು ಕುಡಿದ ಕಾಫಿ

ಉದಗಮಂಡಲ,
೬-೨-೨೦೦೧, ಮಂಗಳವಾರ ಬೆಳಿಗ್ಗೆ

ಚಿ. ಸೌ. ಕೆಂಪಾಜಮ್ಮನಿಗೆ ಆಶೀರ್ವಾದಗಳು.

ಗಂಡನಾದವನು ಹೆಂಡತಿಗೆ ಹೀಗೇ ಬರೆಯಬೇಕೆಂದು ನಮ್ಮಪ್ಪ ಕಲಿಸಿದ್ದರಿಂದ ಬರೆದಿದ್ದೇನೆಯೇ ಹೊರತು, ಈಗಿನ ಪರಿಸ್ಥಿತಿಯಲ್ಲಿ ನಿನಗೆ ಆಶೀರ್ವಾದ ಮಾಡುವಷ್ಟು ಎತ್ತರದಲ್ಲಿ ನಾನಿಲ್ಲವೆಂದು ನನಗೂ ಗೊತ್ತು. ಬೇಕಾದರೆ ಆ ಪದ ಹೊಡೆದುಹಾಕಿ ‘ಕ್ಷಮಾಪಣೆಗಳು’ ಎಂದು ತಿದ್ದಿಕೊಂಡು ಓದು. ನಿನ್ನ ಆರೋಗ್ಯ ಹೇಗಿದೆ? ಹತ್ತು ದಿನದಿಂದ ನಾನು ಯಾವ ಹೊತ್ತಿಗೆ ಫೋನ್ ಮಾಡಿದರೂ ನಿನ್ನ ತಮ್ಮ ನಂಜುಂಡೇಶ “ಅಕ್ಕ ಮಲಗವ್ಳೆ ಭಾವ” ಎನ್ನುತ್ತಾನೆ. ಬೆಳಿಗ್ಗೆ ಹತ್ತಕ್ಕೂ ಮಲಗಿರುತ್ತೀಯ, ಸಂಜೆ ಐದಕ್ಕೂ ಮಲಗಿರುತ್ತೀಯ. ಮೊನ್ನೆಯಂತೂ ಮಲಗಿರುವವಳೇ ಹಿಂದಿನಿಂದ “ಇಲ್ಲಾಂತ ಹೇಳೋ” ಎಂದು ಕೂಗಿದ್ದು ಸ್ಪಷ್ಟವಾಗಿ ಕೇಳಿಸಿತು. ಇಷ್ಟು ದೀರ್ಘವಾಗಿ ಮಲಗುವುದು ಮಂಡಿನೋವಿಗೆ ಒಳ್ಳೆಯದಲ್ಲ. ಈ ಪತ್ರದ ಜೊತೆ ನೀಲಗಿರಿ ಎಣ್ಣೆಯ ಸೀಸೆ ಕಳಿಸಿದ್ದೇನೆ. ಅಂಗಡಿಯ ಮುಂದಿನ ಸಾಲಿನದಲ್ಲ, ನಾವು ಮನೆಗೆಂದು ಇಟ್ಟುಕೊಳ್ಳುವ ಒಳಸಾಲಿನದು. ರಾತ್ರಿ ಬಿಸಿಮಾಡಿ ತಿಕ್ಕಿಕೋ. ನಾನು ಚೆನ್ನಾಗಿದ್ದೇನೆ, ಅಂದರೆ ಇದ್ದೇನೆ. ಬೆಳಗಿನ ಹೊತ್ತು ಹುಲ್ಲಿನ ಮೇಲೆ ಉಪ್ಪು ಚೆಲ್ಲಿದಂತೆ ಹಿಮ ಬೀಳುತ್ತಿದೆ, ಅಂಗಡಿಯಲ್ಲಿ ವರ್ಕಿ ಬಿಸ್ಕತ್ತು ಮಾತ್ರ ಖರ್ಚಾಗುತ್ತಿದೆ, ಮನೆಯಲ್ಲಿ ನಾನು ಮಾಡಿದ ಸಾರು ಮೂರು ದಿನದಿಂದ ಖರ್ಚಾಗುತ್ತಿಲ್ಲ.

ಈಗ ಪ್ರಕರಣಕ್ಕೆ ಬರುತ್ತೇನೆ. ಈ ಪತ್ರವನ್ನು ನೀನು ನಂಜುಂಡೇಶನಿಗೆ ಗಟ್ಟಿಯಾಗಿ ಓದಿ ಹೇಳುತ್ತೀಯೆಂದು ಗೊತ್ತಿರುವುದರಿಂದ, ಹಾಗೂ ನ್ಯಾಯ ಹೇಳಲು ಕೂತವನಿಗೆ ಮೊದಲಿನಿಂದ ತಿಳಿದಿರಬೇಕಾದ್ದರಿಂದ, ಎಲ್ಲವನ್ನೂ ಬಿಡಿಸಿ ಬರೆಯುತ್ತೇನೆ. ನಂಜುಂಡೇಶ, ಕೇಳಪ್ಪ. ನಮ್ಮ ಮದುವೆಯಲ್ಲಿ ನಿಮ್ಮಪ್ಪ ನಿನ್ನಕ್ಕನಿಗೆ ಒಂದು ದಪ್ಪ ಕಾದಂಬರಿ ಉಡುಗೊರೆ ಕೊಟ್ಟರು. ನಿನ್ನಕ್ಕ ಅದನ್ನು ಒಂಬತ್ತು ಸಲ ಓದಿದಳು. ಎಂಬತ್ತೆಂಟನೇ ಇಸವಿಯಲ್ಲಿ ಟೀವಿಯವರು ಅದನ್ನೇ ಹದಿಮೂರು ವಾರದ ಧಾರಾವಾಹಿ ಮಾಡಿದರು. ಗಂಡ ಸತ್ತ ದೊಡ್ಡಸೊಸೆಯೊಬ್ಬಳು, ಅವಳ ಮನೆ, ಆ ಮನೆಯನ್ನು ಮೋಸದಿಂದ ಬರೆಸಿಕೊಳ್ಳುವ ಲಾಯರು, ಇಷ್ಟೇ ಕಥೆ. ಆದರೆ ನಮ್ಮ ಊಟಿಯಲ್ಲಿ ಬೆಂಗಳೂರಿನ ಕಾರ್ಯಕ್ರಮ ಬರಬೇಕಾದರೆ ಒಬ್ಬರು ತಗಡಿನ ಮಾಡಿನ ಮೇಲೆ ಹತ್ತಿ ಆ್ಯಂಟೆನಾವನ್ನು ಮೈಸೂರು ದಿಕ್ಕಿಗೆ ತಿರುಗಿಸಿ ಹಿಡಿದು ನಿಲ್ಲಬೇಕಿತ್ತು. ಗಾಳಿ ಬೀಸಿದರೆ ದೊಡ್ಡಸೊಸೆ ಮಾಯವಾಗಿ ಅವಳ ಜಾಗದಲ್ಲಿ ಇರುವೆಗಳು ಓಡಾಡುತ್ತಿದ್ದವು. ಹೀಗಾಗಿ ಹದಿಮೂರು ಭಾನುವಾರ ನಿನ್ನಕ್ಕ ಕೆಳಗೆ ಕೂತು ನೋಡಿದಳು, ನಾನು ಮೇಲೆ ನಿಂತು ಹಿಡಿದೆ. ಕಿಟಕಿಯಿಂದ “ಬಂತು! ಬಂತು! ಅಯ್ಯೋ ಹೋಯ್ತು! ಎಡಕ್ಕೆ ಕಣ್ರೀ!” ಎಂಬ ಆಜ್ಞೆ ಬರುತ್ತಿತ್ತು. ಒಂದು ಕಂತನ್ನೂ ನಾನು ಕಣ್ಣಾರೆ ಕಾಣಲಿಲ್ಲ. ಈ ಅಂಶವನ್ನು ನ್ಯಾಯಾಧೀಶರು ದಯವಿಟ್ಟು ಗುರುತು ಹಾಕಿಕೊಳ್ಳಬೇಕು.

ಧಾರಾವಾಹಿ ಮುಗಿಯಿತು, ಆದರೆ ನಮ್ಮ ಮನೆಯಲ್ಲಿ ಮುಗಿಯಲಿಲ್ಲ. ಅದರಲ್ಲಿ ಪಾತ್ರ ಮಾಡಿದ ಹನ್ನೊಂದು ಜನ ಆಮೇಲೆ ಎಲ್ಲಿಗೆ ಹೋದರು, ಏನಾದರು ಎಂಬುದನ್ನು, ಕೆಂಪಾಜಮ್ಮ, ನೀನು ಟೀ ಫ್ಯಾಕ್ಟರಿಯವರು ಕೊಟ್ಟ ಕೆಂಪು ಡೈರಿಯಲ್ಲಿ ಹನ್ನೆರಡು ವರ್ಷ ಬರೆದುಕೊಂಡು ಬಂದೆ. ಸಿನಿಮಾ ಪತ್ರಿಕೆ, ಪೋಸ್ಟರು, ಪೊಟ್ಟಣ ಕಟ್ಟಿದ ಹಳೇ ಪೇಪರು, ಯಾವುದನ್ನೂ ಬಿಡಲಿಲ್ಲ. ನಮ್ಮ ನೆಂಟರ ಮಕ್ಕಳು ಎಲ್ಲಿ ಕೆಲಸದಲ್ಲಿದ್ದಾರೆಂದು ಕೇಳಿದರೆ ನೀನು ಯೋಚಿಸಬೇಕು. ಧಾರಾವಾಹಿಯ ಕಿರಿಮಗ ಯಾವ ಸಿನಿಮಾದಲ್ಲಿದ್ದಾನೆಂದರೆ ನಿದ್ದೆಯಲ್ಲೂ ಹೇಳುತ್ತೀಯ. ಈ ಡೈರಿಯನ್ನು ಇಷ್ಟು ದಿನ ನಾನು ಮುಟ್ಟಿರಲಿಲ್ಲ. ಈಗ ನೀನು ಅವಸರದಲ್ಲಿ ಬಿಟ್ಟು ಹೋಗಿದ್ದರಿಂದ ಓದಿದೆ. ದೊಡ್ಡಸೊಸೆಯ ಪುಟದಲ್ಲಿ, “೧೯೯೧: ಸೋಪಿನ ಜಾಹೀರಾತು. ಪಾಪ, ಸೀಗೆಪುಡಿಯಲ್ಲೇ ಜೀವ ತೇದವಳು, ಕೊನೆಗೂ ಒಂದು ಸೋಪು ಕಂಡಳು.” ಮಾವನವರ ಪುಟದಲ್ಲಿ, “೧೯೯೩: ಪೊಲೀಸ್ ಕಮಿಷನರ್. ಮೂರನೇ ವಾರದಲ್ಲಿ ಸತ್ತವರು ಚೆನ್ನಾಗಿ ಚೇತರಿಸಿಕೊಂಡಿದ್ದಾರೆ.” ಕಿರಿಮಗನ ಪುಟದಲ್ಲಿ, “ತಮಿಳು ಸಿನಿಮಾದಲ್ಲಿ ಕುಣಿಯುತ್ತಿದ್ದಾನೆ. ಅತ್ತಿಗೆ ಬುದ್ಧಿ ಹೇಳಬಾರದಿತ್ತೆ?” ಇನ್ನು ಲಾಯರ ಪುಟ! “೧೯೯೨: ಹಾವು ಕಚ್ಚಿ ಸತ್ತ. ಸಂತೋಷ. ೧೯೯೪: ರೈಲಿಗೆ ಸಿಕ್ಕಿ ಸತ್ತ. ದೇವರಿದ್ದಾನೆ. ೧೯೯೬: ದೇವಸ್ಥಾನದ ಧರ್ಮದರ್ಶಿಯಂತೆ. ಯಾರೂ ನಂಬಬೇಡಿ. ೧೯೯೭: ಆನೆ ತುಳಿಯಿತು. ಆನೆಗೆ ಒಳ್ಳೆಯದಾಗಲಿ.” ಮೂವತ್ತು ವರ್ಷ ನಿನ್ನ ಜೊತೆ ಸಂಸಾರ ಮಾಡಿದ ನನಗೆ ನಿನ್ನ ಮನಸ್ಸಿನಲ್ಲಿ ಇಷ್ಟು ಹುಲಿಗಳಿವೆಯೆಂದು ಗೊತ್ತಿರಲಿಲ್ಲ. ಮಲಗುವಾಗ ಬಾಗಿಲು ಹಾಕಿಕೊಂಡೆ.

ಅಂಥ ಲಾಯರು ಜನವರಿ ಇಪ್ಪತ್ತೇಳರಂದು ನಮ್ಮ ಅಂಗಡಿಗೇ ಬಂದರು. ಯಾವುದೋ ಸಿನಿಮಾದ ಹಾಡಿನ ಚಿತ್ರೀಕರಣಕ್ಕೆ ಬಂದು, ಮಂಜು ಕವಿದು ಕೆಲಸ ನಿಂತು, ನಡುಗುತ್ತ ವರ್ಕಿ ಕೇಳಿದರು. ಒಬ್ಬ ಮುದುಕ ನಡುಗುತ್ತಿದ್ದರೆ ಒಳಗೆ ಕರೆದು ಬೆಂಕಿಯ ಹತ್ತಿರ ಕೂರಿಸಿ ಕಾಫಿ ಕೊಡುವುದು ನಮ್ಮ ಬೆಟ್ಟದ ಪದ್ಧತಿ. ಕೂರಿಸಿದ್ದು ನಿನ್ನ ಬೆತ್ತದ ಕುರ್ಚಿಯಾಗಿದ್ದು, ಕೊಟ್ಟದ್ದು ನಿನ್ನ ತವರಿನ ಹಿತ್ತಾಳೆ ಲೋಟವಾಗಿದ್ದು ನನ್ನ ಗ್ರಹಚಾರ. ಅಷ್ಟರಲ್ಲಿ ನೀನು ಮಾರ್ಕೆಟ್ಟಿನಿಂದ ಬೀನ್ಸ್ ಹಿಡಿದು ಬಂದೆ. ಬಾಗಿಲಲ್ಲಿ ನಿಂತೆ. ಚೀಲ ಕೆಳಗಿಟ್ಟೆ. “ಏನ್ರೀ, ಆ ಮನೆಹಾಳನ್ಗೆ ನನ್ನ ಲೋಟ್ದಲ್ಲಿ ಕಾಪಿನಾ?” ಎಂದು ನನ್ನನ್ನೂ, “ಆ ಹೆಣ್ಮಗಳ ಮನೆ ಪತ್ರ ಎಲ್ರೀ?” ಎಂದು ಅವರನ್ನೂ ಕೇಳಿದೆ. ಅವರ ಬಾಯಿ ತುಂಬ ವರ್ಕಿ ಇದ್ದುದರಿಂದ ತಕ್ಷಣ ಉತ್ತರ ಬರಲಿಲ್ಲ. ಅದನ್ನು ನೀನು ತಪ್ಪೊಪ್ಪಿಗೆ ಎಂದುಕೊಂಡೆ. ನಾನು “ಯಾರೋ ಟೂರಿಸ್ಟು ಕಣೇ, ನನಗೆ ಮುಖ ಗೊತ್ತಿಲ್ಲ” ಎಂದೆ. ನೀನು ತವರಿಗೆಂದು ಹೊರಟೇಬಿಟ್ಟೆ, ಬಸ್ ಸ್ಟ್ಯಾಂಡಿನವರೆಗೂ ನಾನು ನಿನ್ನ ಹಿಂದೆ ಬಂದೆ. ಬಸ್ಸಿನ ಕಿಟಕಿಯಿಂದ ನೀನು ಹೇಳಿದ್ದು ಎರಡೇ ಮಾತು. “ಆ ಹದಿಮೂರು ವಾರ ನಾನು ಯಾರಿಗೋಸ್ಕರ ಅತ್ತೆ ಅಂತಾನೂ ನಿಮಗೆ ಗೊತ್ತಿಲ್ಲ. ಆ ಪತ್ರ ವಾಪಸ್ ಬರೋಗಂಟ ನಾನೂ ಬರಾಕಿಲ್ಲ.” ಬಸ್ಸು ಹೊರಟಿತು. ಬೀನ್ಸ್ ಇಲ್ಲೇ ಉಳಿಯಿತು.

ನಾನು ವಾಪಸು ಬಂದಾಗ ಲಾಯರು ಲೋಟವನ್ನು ತೊಳೆದು ಬೋರಲು ಹಾಕಿ, ಅಪರಾಧಿಯಂತೆ ನಿಂತಿದ್ದರು. ಹನ್ನೆರಡು ವರ್ಷದಿಂದ ಅವರಿಗೆ ಇದೇ ಪಾಡಂತೆ. ಒಮ್ಮೆ ಚಾಮರಾಜನಗರದಲ್ಲಿ ಒಬ್ಬ ಮುದುಕಿ ಬಸ್ಸಿನಲ್ಲಿ ಸೀಟು ಕೊಡಲಿಲ್ಲವಂತೆ. ಪಕ್ಕದಲ್ಲಿ ಜಾಗವಿದ್ದರೂ ಕೋಳಿ ಕೂರಿಸಿಕೊಂಡಳಂತೆ. ಸಮಾಧಾನಕ್ಕೆಂದು ನಾನು ನಿನ್ನ ಡೈರಿ ತೋರಿಸಿದೆ. ಬುದ್ಧಿ ಇದ್ದವನು ಮಾಡುವ ಕೆಲಸವಲ್ಲ, ಒಪ್ಪಿದೆ. ಅವರು ಕನ್ನಡಕ ಹಾಕಿಕೊಂಡು ತಮ್ಮ ಪುಟವನ್ನು ನಿಂತೇ ಓದಿದರು. ಹಾವು ಓದಿದರು, ರೈಲು ಓದಿದರು, ಆನೆ ಓದಿದರು. ಆಮೇಲೆ ಬಹಳ ಗಂಭೀರವಾಗಿ, “ತೊಂಬತ್ತೈದರಲ್ಲಿ ಬಾವಿಗೆ ಬಿದ್ದು ಸತ್ತದ್ದು ಬಿಟ್ಟುಹೋಗಿದೆಯಲ್ಲ ಸಾರ್” ಎಂದರು. ಆ ಚಿತ್ರ ನಾಲ್ಕೇ ದಿನ ಓಡಿತ್ತಂತೆ. ಪೆನ್ನು ಕೇಳಿ ಪಡೆದು ತಾವೇ ಅಲ್ಲಿ ಸೇರಿಸಿದರು. “ನನ್ನ ಮನೆಯವಳೂ ಇಷ್ಟು ಸಾವು ನೋಡಿಲ್ಲ ಸಾರ್. ಟಿಕೆಟ್ಟಿಗೆ ದುಡ್ಡು ದಂಡ ಅಂತಾಳೆ. ಅದೊಂದು ಬಿಟ್ರೆ ಈ ತಾಯಿ ನನ್ನನ್ನ ಒಂದು ಸಲಾನೂ ತಪ್ಪಿಸಿಲ್ಲ” ಎಂದು ಹೇಳಿ, ನಿನ್ನ ಕುರ್ಚಿಯಲ್ಲಿ ಕೂರದೆ ನೆಲದ ಮೇಲೆ ಕೂತರು. ನೀನು ಹೇಳಿಹೋದ ಷರತ್ತನ್ನು ನಾನು ತಿಳಿಸಿದೆ. ಕನ್ನಡಕ ಮಡಿಸಿ ಜೇಬಿಗಿಟ್ಟು, “ಮನೆ ವಾಪಸ್ ಬರೆದುಕೊಟ್ಟುಬಿಡೋಣ” ಎಂದರು.

ಹೀಗಾಗಿ ಪಕ್ಕದ ಪತ್ರ ಬರಹಗಾರ ರಂಗನಾಥನ್ ಅವರ ಹತ್ತಿರ ಹೋದೆವು. ಮೂವತ್ತು ವರ್ಷದಿಂದ ಊರಿನವರಿಗೆಲ್ಲ ಕ್ರಯಪತ್ರ ಬರೆದ ಕೈ ಅದು. ವಿಷಯ ಕೇಳಿ ನಗಲಿಲ್ಲ, ಅದೇ ಅವರ ದೊಡ್ಡತನ. “ಚೆಕ್ಕುಬಂದಿ ಇಲ್ದೆ ಪತ್ರ ಎಂಗೆ ಸಾರ್ ಬರಿಯೋದು? ಮನೇಗೆ ನಾಲ್ಕು ದಿಕ್ಕಿಗೂ ಏನಿದೆ ಅಂತ ಕೊಂಡ್ಬನ್ನಿ” ಎಂದರು. ಅದು ಇರುವುದು ನಿನ್ನ ದಪ್ಪ ಪುಸ್ತಕದಲ್ಲಿ. ಅಂತೂ ಮದುವೆಯಾದ ಮೂವತ್ತನೇ ವರ್ಷದಲ್ಲಿ ನಾನು ಅದನ್ನು ಓದಿದೆ. ನಾನು ಒಲೆಯ ಈಚೆ, ಲಾಯರು ಆಚೆ, ಚಿತ್ರೀಕರಣ ಮುಗಿದ ಮೇಲೆ ದಿನಾ ಸಂಜೆ ಪಾಳಿಯಲ್ಲಿ. ಪೂರ್ವಕ್ಕೆ ಕೆರೆ ಏರಿ, ಪಶ್ಚಿಮಕ್ಕೆ ಹಲಸಿನ ಮರ, ದಕ್ಷಿಣಕ್ಕೆ ಗುಡಿಯ ಗೋಡೆ. ಉತ್ತರಕ್ಕೆ ಇಪ್ಪತ್ತೆರಡನೇ ಅಧ್ಯಾಯದಲ್ಲಿ ಓಣಿ ಇದೆ, ಮೂವತ್ತೊಂದರಲ್ಲಿ ದಾಯಾದಿಗಳ ಕೊಟ್ಟಿಗೆ ಇದೆ. ಒಂಬತ್ತು ಸಲ ಓದಿದವಳು ನೀನು, ಇದನ್ನು ಹೇಗೆ ಬಿಟ್ಟೆ? ರಂಗನಾಥನ್ ಎರಡನ್ನೂ ಹಾಕಿದರು. ಆ ಮನೆ ಮೈಸೂರು ಸೀಮೆಯದಾದ್ದರಿಂದ ಇಲ್ಲಿ ರಿಜಿಸ್ಟರ್ ಆಗುವುದಿಲ್ಲವೆಂದು ಮೊದಲೇ ಎಚ್ಚರಿಸಿದರು. ನಾನು ಇದರಲ್ಲಿ ತಪ್ಪೇನಾದರೂ ಉಳಿದೀತೆ ಎಂದು ಕೇಳಿದ್ದಕ್ಕೆ, “ಇಲ್ಲದ ಮನೇಗೆ ಬರ್ದ ಪತ್ರದಲ್ಲಿ ತಪ್ಪೇ ಬರಲ್ಲ ಸಾರ್. ಇರೋ ಮನೇಗೆ ಬರ್ದಿದ್ದೇ ಎಲ್ಲಾ ಕೋರ್ಟಲ್ಲಿ ಇದೆ” ಎಂದರು. ಕೊನೆಗೆ “ನನಗೆ ಆ ಮನೆ ಬೇಕಾಗಿಯೇ ಇರಲಿಲ್ಲ, ನಿರ್ದೇಶಕರು ಹೇಳಿದ್ದಕ್ಕೆ ಬರೆಸಿಕೊಂಡೆ” ಎಂಬ ಸಾಲು ಸೇರಿಸಬೇಕೆಂದು ಲಾಯರು ಹಟ ಹಿಡಿದರು. ಪತ್ರದಲ್ಲಿ ಸಮಜಾಯಿಷಿಗೆ ಜಾಗವಿಲ್ಲವೆಂದು ರಂಗನಾಥನ್ ಹೊಡೆದುಹಾಕಿದರು. ಸಾಕ್ಷಿಗೆ ನಾನೊಬ್ಬ, ಇನ್ನೊಬ್ಬರು ದಿನಾ ಬೆಳಿಗ್ಗೆ ಪೇಪರ್ ಓದಲು ಬರುವ ಟೀ ತೋಟದ ಭೋಜನ್. “ಕೆಂಪಾಜಕ್ಕ ಬರೋದಾದ್ರೆ ಎಲ್ಲಿ ಬೇಕಾದ್ರೂ ಸೈನ್ ಹಾಕ್ತೀನಿ ಚೆನ್ನಯ್ಯಣ್ಣ. ನೀವು ಮಾಡೋ ಕಾಪಿ ಇನ್ನು ನಂಗೆ ಆಗಲ್ಲ” ಎಂದು ಹೇಳಿ ಹಾಕಿದರು.

ಪತ್ರ ಇದರೊಂದಿಗಿದೆ. ಲಾಯರು ತಮ್ಮ ಸ್ವಂತ ಹೆಸರನ್ನೂ ಪಾತ್ರದ ಹೆಸರನ್ನೂ ಬರೆದು ಎರಡು ಸಹಿ ಮಾಡಿದ್ದಾರೆ. ದೊಡ್ಡಸೊಸೆಯ ಪರವಾಗಿ ಪಡೆದುಕೊಳ್ಳುವವರು ಎಂಬಲ್ಲಿ ನಿನ್ನ ಹೆಸರಿದೆ. ಅಲ್ಲಿ ಹೆಬ್ಬೆಟ್ಟು ಒತ್ತಬಾರದಂತೆ, ಪೂರ್ತಿ ಓದಿ ಸಹಿಯನ್ನೇ ಮಾಡಬೇಕಂತೆ. ಇದೊಂದನ್ನು ಲಾಯರು ಎರಡೆರಡು ಸಲ ಹೇಳಿದ್ದಾರೆ. ಅವರು ಶನಿವಾರದವರೆಗೆ ಊಟಿಯಲ್ಲಿರುತ್ತಾರೆ, ನೀನು ಬಂದರೆ ಬಾಗಿಲಾಚೆ ನಿಂತೇ ಕೈಮುಗಿದು ಹೋಗುತ್ತಾರಂತೆ. ಪೋಸ್ಟಿಗೆ ಹಾಕಿದರೆ ತಡವಾಗುತ್ತದೆಂದು ಮೈಸೂರು ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸುತ್ತಿದ್ದೇನೆ. ನಿಮ್ಮ ಮನೆಯ ಹಿರಿಯರಿಗೆಲ್ಲ ನನ್ನ ನಮಸ್ಕಾರ, ಕಿರಿಯರಿಗೆ ಆಶೀರ್ವಾದ. ನೀನು ಇವೆರಡರಲ್ಲಿ ಯಾವುದು ಬೇಕೋ ತೆಗೆದುಕೋ.

ಇಂತು ನಿನ್ನ ಲೋಟವನ್ನು ಹುಣಸೆಹಣ್ಣು ಹಾಕಿ ಮೂರು ಸಲ ಬೆಳಗಿರುವ,
ಚೆನ್ನಯ್ಯ

ತಾ.ಕ.: ಕಂಡಕ್ಟರ್ ಶಿಳ್ಳೆ ಹಾಕುತ್ತಿದ್ದಾನೆ, ಆದ್ದರಿಂದ ನಿಜ ಬರೆದುಬಿಡುತ್ತೇನೆ. ಮುಖ ಗೊತ್ತಿರಲಿಲ್ಲ ಎಂದದ್ದು ಸತ್ಯ. ಆದರೆ “ಕಾಲು ಕಿಲೋ ವರ್ಕಿ ಕೊಡಿ, ಸಾಕು” ಎಂದು ಅವರು ಬಾಯಿಬಿಟ್ಟಾಗಲೇ ನನಗೆ ಗೊತ್ತಾಯಿತು. “ಇಲ್ಲೊಂದು ಹೆಬ್ಬೆಟ್ಟು ಒತ್ತಮ್ಮ, ಸಾಕು” ಎಂದು ದೊಡ್ಡಸೊಸೆಗೆ ಹೇಳಿದ ಅದೇ ದನಿ. ಅಂದು ಮಾಡಿನ ಮೇಲೆ ನನಗೂ ಕೇಳಿಸಿತ್ತು. ಅದಾದ ಮೇಲೆ ನೀನು ಕೂಗಿದ “ಬಂತು” ಗಂಟಲಲ್ಲಿ ಸಿಕ್ಕಿಕೊಂಡದ್ದೂ ಕೇಳಿಸಿತ್ತು. ಕೆಳಗೆ ಏನಾಯಿತೆಂದು ನಿನ್ನನ್ನು ಕೇಳುವ ಧೈರ್ಯ ಬರಲಿಲ್ಲ, ಅವರನ್ನಾದರೂ ಕೇಳೋಣವೆಂದು ಒಳಗೆ ಕರೆದೆ. ಕೇಳುವಷ್ಟರಲ್ಲಿ ನೀನು ಬಂದೆ. ಬರುವ ಭಾನುವಾರ ಹತ್ತು ಗಂಟೆಯಿಂದ ಆ ಧಾರಾವಾಹಿಯನ್ನು ಮೊದಲಿನಿಂದ ಮತ್ತೆ ಹಾಕುತ್ತಾರಂತೆ, ಲಾಯರೇ ಹೇಳಿದರು. ಸರವಣನ ಕೇಬಲ್ಲಿನಲ್ಲಿ ಆ ಚಾನೆಲ್ ಇಲ್ಲ. ಅಟ್ಟದಿಂದ ಹಳೇ ಆ್ಯಂಟೆನಾ ಇಳಿಸಿ ಒರೆಸಿಟ್ಟಿದ್ದೇನೆ. ಬರುವಾಗ ನಂಜುಂಡೇಶನನ್ನೂ ಕರೆದುಕೊಂಡು ಬಾ. ಈ ಸಲ ಮಾಡಿನ ಮೇಲೆ ಅವನು ಹತ್ತಲಿ.