ಬಾತ್ಮಿದಾರರ ಮನೆಯ ಬಾತ್ಮಿ

ಮೇಲವಂಕಿ
ತಾ. ೧೨ ಡಿಸೆಂಬರ್ ೧೯೩೬

ಹುಕ್ಕೇರಿಯ ಬಾತ್ಮಿದಾರರಾದ ದುಂಡಪ್ಪನವರಿಗೆ ಗೌರಕ್ಕನ ಶರಣಾರ್ಥಿಗಳು.

ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆಂದು ಇಷ್ಟು ವರ್ಷ ನಾಲಿಗೆ ಕಚ್ಚಿಕೊಂಡಿದ್ದೆ. ನೀವು ನನ್ನ ಹೆಸರನ್ನು ಪತ್ರಿಕೆಯಲ್ಲೇ ಹಾಕಿಸಿದಿರಿ. ಇನ್ನು ನನಗೇಕೆ ಸಂಕೋಚ?

ವಾರಪತ್ರಿಕೆಯ 'ವಿಚಿತ್ರ ವಾರ್ತೆ'ಗೆ ಎರಡು ತಲೆಯ ಕುರಿಮರಿ, ಮೀಸೆ ಬಂದ ಮುದುಕಿ ಎಂದು ಹುಡುಕಿ ಹುಡುಕಿ ಕಳಿಸುತ್ತಿದ್ದಿರಿ. ಒಂದು ವಾರ ಏನೂ ಸಿಗಲಿಲ್ಲ. ಆಗ ಹೆಂಡತಿ ಕಣ್ಣಿಗೆ ಬಿದ್ದಳು. "ಮಕ್ಕಳಿಲ್ಲದ ಗೌರಕ್ಕ ಬೆಕ್ಕನ್ನು ತೊಟ್ಟಿಲಲ್ಲಿ ತೂಗಿದಳು" ಎಂದು ಬರೆದಿರಿ. ಅದು ತೀರಿಹೋದ ನಮ್ಮ ಕೂಸಿನ ತೊಟ್ಟಿಲೆಂದು ಮಾತ್ರ ಬರೆಯಲಿಲ್ಲ. ಬೆಕ್ಕು ತಾನಾಗಿ ಹತ್ತಿ ಮಲಗಿತ್ತು. ಇಳಿಸಲು ನನಗೆ ಮನಸ್ಸು ಬರಲಿಲ್ಲ, ಅಷ್ಟೇ.

ಸಂತೆಯಲ್ಲಿ ಹೆಂಗಸರು ನನ್ನನ್ನು ಕಂಡು 'ಮ್ಯಾಂವ್' ಎಂದರು. ಅಳುತ್ತ ಮನೆಗೆ ಬಂದರೆ ನೀವು, "ನಾಕ ಮಂದಿ ನಕ್ಕರ ನಿನ್ನ ಗಂಟೇನ ಹೋತು?" ಎಂದಿರಿ. ಆಮೇಲೆ ನನ್ನನ್ನು ತವರಿಗೆ ಅಟ್ಟಿ ಮೂಡಲಗಿಯ ಮಾಲಿಂಗಪ್ಪನವರ ಮಗಳನ್ನು ಎರಡನೇ ಮದುವೆಗೆ ಗೊತ್ತು ಮಾಡಿಕೊಂಡಿರಿ. ತವರಿನವರು ಕೊಟ್ಟ ಎಮ್ಮೆಯನ್ನು ಮಾತ್ರ ಅಟ್ಟಲಿಲ್ಲ. ಹಾಲು ಬೇಕಲ್ಲ!

ಹಿಂಡಲು ಕುಳಿತರೆ ಎಮ್ಮೆ ನಿಮ್ಮನ್ನು ಒದ್ದಿತಂತೆ. ನೆರೆಮನೆಯ ಯಲ್ಲಕ್ಕ ಉಪಾಯ ಹೇಳಿದಳು: "ಗೌರಕ್ಕನ ಸೀರಿ ಉಟ್ಕೊಂಡು ಕುಂದರ್ರಿ. ಆಕೀನ ಬಂದಾಳಂತ ತಿಳದ ಹಾಲ ಬಿಡತೈತಿ." ಹಾಗೆ ಮಾಡುವವರು ನಮ್ಮ ಕಡೆ ಬಹಳ ಜನ, ಅದರಲ್ಲಿ ನಾಚಿಕೆಯೇನಿಲ್ಲ. ಆದರೆ ಬೇರೆ ಯಾರೂ ಊರವರ ಮನೆಯ ಸಂದಿಗೊಂದಿ ಪತ್ರಿಕೆಗೆ ಬರೆಯುವವರಲ್ಲ. ನೀವು ನನ್ನ ಹಸಿರು ಸೀರೆ ಉಟ್ಟು, ಸೆರಗು ಹೊದ್ದು, ದಿನಾ ಬೆಳಗ್ಗೆ ಹಿಂಡಲು ಕುಳಿತಿರಿ.

"ಸೀರೆ ಉಟ್ಟ ಬಾತ್ಮಿದಾರ" ಎಂಬ ಸುದ್ದಿ ಅಚ್ಚಾದ ಮೇಲೆ, ಯಾವ ವೈರಿ ಬರೆದನೆಂದು ಊರೆಲ್ಲ ಕೇಳುತ್ತ ತಿರುಗುತ್ತಿದ್ದೀರಂತೆ. ಚಪ್ಪಲಿ ಸವೆಸಬೇಡಿರಿ. ನಾನೇ ಬರೆದೆ. ಆ ಬೆಕ್ಕಿನ ಸುದ್ದಿಯೊಂದನ್ನು ಬಿಟ್ಟು ನಿಮ್ಮ ಸುದ್ದಿಗಳನ್ನೆಲ್ಲ ತಿದ್ದಿ ಬರೆದುಕೊಡುತ್ತಿದ್ದವಳು ನಾನಲ್ಲವೇ? ಸಂಪಾದಕರು ಅದೇ ಅಕ್ಷರ ನೋಡಿ ನೀವೇ ಕಳಿಸಿದ್ದೆಂದು ಹಾಕಿಬಿಟ್ಟರು.

ಮಾಲಿಂಗಪ್ಪನವರು ಪತ್ರಿಕೆಯನ್ನು ಕಂಕುಳಲ್ಲಿಟ್ಟುಕೊಂಡು ಹಾಲು ಹಿಂಡುವ ಹೊತ್ತಿಗೇ ನಿಮ್ಮ ಕೊಟ್ಟಿಗೆಗೆ ಬಂದರಂತೆ. "ಮನ್ಯಾಗ ಒಬ್ಬಾಕಿ ಹೆಣಮಗಳು ಅದಾಳಲ್ರೀ, ಮತ್ತೊಬ್ಬಾಕಿ ಯಾಕ ಬೇಕು?" ಎಂದು ಕೇಳಿ, ಸಂಬಂಧ ಮುರಿದು ಹೋದರಂತೆ. ಆ ದಿನ ನಾನು ಎರಡು ರೊಟ್ಟಿ ಹೆಚ್ಚು ತಿಂದೆ.

ನಾಡಿದ್ದು ನಮ್ಮಣ್ಣ ಬರುತ್ತಾನೆ. ಎಮ್ಮೆಯನ್ನೂ ಕೂಸಿನ ತೊಟ್ಟಿಲನ್ನೂ ಕೊಟ್ಟು ಕಳಿಸಿರಿ. ಸೀರೆ ನಿಮಗೇ ಇರಲಿ.

ಇತಿ,
ಅಲ್ಲಪ್ಪನ ತಂಗಿ ಗೌರಕ್ಕ

ತಾ.ಕ.: ಎಮ್ಮೆಗೆ ಸೀರೆ ಬೇಕಾಗಿರಲಿಲ್ಲ. ಮುಂದೆ ಒಂದು ಬೊಗಸೆ ಹತ್ತಿಕಾಳು ಇಟ್ಟರೆ ಅದು ಯಾರಿಗಾದರೂ ಹಾಲು ಬಿಡುತ್ತದೆ. ಯಲ್ಲಕ್ಕನಿಗೆ ಉಪಾಯ ಹೇಳಿಕೊಟ್ಟವಳು ನಾನೇ. ನೀವು ಒಳಗೆ ನಿರಿಗೆ ಹಿಡಿಯುವಷ್ಟರಲ್ಲಿ ಅವಳು ದಿನಾ ಹತ್ತಿಕಾಳು ಇಟ್ಟು ಬರುತ್ತಿದ್ದಳು.